ಕ್ವೀರ್ ಪ್ರೇಮಕಥೆಯ ಹೆಣಿಗೆ

ಒಂದೇ ಲಿಂಗದವರ ಅಥವಾ ಗಂಡು–ಹೆಣ್ಣೆಂಬ ರೂಢಿಯ ವಿಂಗಡಣೆಗೆ ಒಗ್ಗದವರ ಒಲವನ್ನು ವಸ್ತುವಾಗಿಸಿಕೊಂಡ ಕಥೆ, ಕಾದಂಬರಿಗಳ ಪ್ರಕಾರ. ಪ್ರೇಮಕಥೆಯನ್ನು ಮುಂದೆ ನಡೆಸುವುದು ಅಡ್ಡಿ. ಭಾರತದ ಲೇಖಕರಿಗೆ ಬಹುಕಾಲ ಅದನ್ನು ಒದಗಿಸಿದ್ದು ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ್ದ ದಂಡಸಂಹಿತೆಯ 377ನೇ ಕಲಂ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ವಯಸ್ಕರ ಸಮ್ಮತಿಯ ಸಂಬಂಧವನ್ನು ಅದರ ಹಿಡಿತದಿಂದ ಬಿಡಿಸಿತು. ಮನೆಯೊಳಗಿನ ಅಡ್ಡಿ ಉಳಿಯಿತು.

ಅದು ಎಂಥದೆಂದು ತಿಳಿಯಬೇಕಾದರೆ ಚೆನ್ನೈನ ಪ್ಯಾರೀಸ್ ಕಾರ್ನರ್‌ನಲ್ಲಿರುವ ಮದ್ರಾಸ್ ಹೈಕೋರ್ಟಿನ ಒಂದು ಆದೇಶವನ್ನು ಓದಬೇಕು. ಮಧುರೈನಿಂದ ಮನೆ ಬಿಟ್ಟು ಬಂದ ಇಬ್ಬರು ಯುವತಿಯರು ರಕ್ಷಣೆ ಕೇಳಿದ್ದರು; ಮಕ್ಕಳು ಕಾಣೆಯಾಗಿದ್ದಾರೆಂದು ಹೆತ್ತವರು ಪೊಲೀಸರಿಗೆ ದೂರು ಕೊಟ್ಟಿದ್ದರು. ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಎರಡೂ ಕಡೆಯವರನ್ನು ಆಪ್ತಸಲಹೆಗೆ ಕಳಿಸಿದರು. ತಮ್ಮ ತಿಳಿವಳಿಕೆಯೂ ಸಾಲದೆಂದು ಒಪ್ಪಿಕೊಂಡು, ತಾವೇ ಮನಶ್ಶಾಸ್ತ್ರಜ್ಞೆಯೆದುರು ಕುಳಿತರು. ಕಾಣೆಯಾದವರು ಜೊತೆಗಿರಲು ಒಪ್ಪಿದ ವಯಸ್ಕರೆಂದು ತಿಳಿದೊಡನೆ ಪೊಲೀಸರು ಇಂಥ ದೂರನ್ನು ಮುಗಿಸಬೇಕು, ಒಲವನ್ನು 'ಸರಿಪಡಿಸುವ' ಚಿಕಿತ್ಸೆ ನಿಲ್ಲಬೇಕು ಎಂದು 2021ರ ಜೂನ್ 7ರ ಆದೇಶ ಹೇಳಿತು. ಕಥೆಗಾರರು ಇಲ್ಲಿ ಕಲಿಯುವುದು ಬಹಳವಿದೆ. ಪ್ರೇಮಿಗಳ ನಿಲುವು ಕದಲಲಿಲ್ಲ. ಬದಲಾದದ್ದು ನೋಡುವವರ ಕಣ್ಣು. ಹೆತ್ತವರನ್ನು ಖಳರನ್ನಾಗಿಸುವುದು ಸುಲಭ. ಮಗಳ ಮೇಲೆ ಜೀವವನ್ನೇ ಇಟ್ಟುಕೊಂಡೂ ನಾಲ್ಕು ಜನರ ಮಾತಿಗೆ ಹೆದರುವ ತಾಯಿಯನ್ನು ಬರೆಯುವುದು ಕಷ್ಟ. ಕಥೆ ಇರುವುದು ಅಲ್ಲೇ.

ಕನ್ನಡದಲ್ಲಿ ಈ ಪ್ರಕಾರದ ಗಟ್ಟಿ ಕೃತಿ ವಸುಧೇಂದ್ರರ 'ಮೋಹನಸ್ವಾಮಿ' (2013). ಒಬ್ಬನೇ ನಾಯಕನ ಬದುಕನ್ನು ಅದು ಹಲವು ಕಥೆಗಳಲ್ಲಿ ಬಿಡಿಸುತ್ತದೆ. ಹೀಗಾಗಿ ಒಂದು ಪ್ರೇಮ ಮುರಿದರೂ ಮನುಷ್ಯ ಮುಗಿಯುವುದಿಲ್ಲ. ಇಬ್ಬರು ಗಂಡಸರು ಒಂದೇ ರೂಮಿನಲ್ಲಿದ್ದರೆ ನಮ್ಮಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಗಂಡು–ಹೆಣ್ಣಿಗೆ ಸಿಗದ ಈ ಏಕಾಂತ ಕಥೆಗಾರನಿಗೆ ದೊಡ್ಡ ಅನುಕೂಲ. ಆ ಜೊತೆಗಾರನೇ ಹುಡುಗಿಯೊಬ್ಬಳನ್ನು ಮದುವೆಯಾಗಲು ಹೊರಟಾಗ ಸಂಕಟವನ್ನು ಹೇಳಿಕೊಳ್ಳಲು ಜನವಿಲ್ಲದಂತೆ ಮಾಡುವುದೂ ಇದೇ ಏಕಾಂತ.

ಭಾಷೆಯೂ ಹೆಣಿಗೆಗೆ ನೆರವಾಗುತ್ತದೆ. ಉತ್ತಮಪುರುಷದ ಕನ್ನಡ ಕ್ರಿಯಾಪದ ಲಿಂಗವನ್ನು ಬಿಟ್ಟುಕೊಡುವುದಿಲ್ಲ. 'ನಾನು ಕಾದೆ' ಎಂದವರು ಗಂಡೋ ಹೆಣ್ಣೋ ಎಂಬುದನ್ನು ಲೇಖಕ ಬೇಕಾದಷ್ಟು ಹೊತ್ತು ತಡೆಹಿಡಿಯಬಹುದು. ಬರೀ ಬೆಚ್ಚಿಬೀಳಿಸಲು ಬಳಸಿದರೆ ಇದು ಅಗ್ಗದ ತಂತ್ರವಾಗುತ್ತದೆ. 'ನೀವು' ಕಳಚಿ 'ನೀನು' ಬರುವ ಗಳಿಗೆಯಾದರೋ ಇಲ್ಲಿ ಅಷ್ಟಾಗಿ ಒದಗದು, ಗೆಳೆಯರ ನಡುವೆ ಏಕವಚನ ಮೊದಲೇ ಇರುತ್ತದಲ್ಲ! ಸಲುಗೆ ಒಲವಾದದ್ದನ್ನು ತೋರಲು ಮೌನ, ಕೋಪ, ತಟ್ಟೆಯ ತುತ್ತು ಹಂಚಿಕೊಳ್ಳುವ ರೀತಿ, ಇಂಥವೇ ಬೇಕು.

ಮುಕ್ತಾಯವೇ ಎಲ್ಲಕ್ಕಿಂತ ಕಷ್ಟದ್ದು. ಇಂಗ್ಲಿಷ್ ಲೇಖಕ ಇ. ಎಂ. ಫಾರ್ಸ್ಟರ್ 1913–14ರಲ್ಲಿ ಗಂಡಸರ ನಡುವಿನ ಒಲವಿನ ಕಾದಂಬರಿ 'ಮಾರಿಸ್' ಬರೆದು ಸುಖಾಂತ್ಯಕ್ಕೇ ಪಟ್ಟು ಹಿಡಿದರು. ಪುಸ್ತಕ ಹೊರಬಂದದ್ದು ಅವರ ಸಾವಿನ ನಂತರ, 1971ರಲ್ಲಿ. ಭಾರತದಲ್ಲಿ ತಾಳಿ ಕಟ್ಟಿಸಿ ಕಥೆ ಮುಗಿಸುವ ದಾರಿಗೆ ಕಾನೂನಿನ ಬೆಂಬಲವಿಲ್ಲ: ಸಲಿಂಗ ವಿವಾಹಕ್ಕೆ ಮಾನ್ಯತೆ ನೀಡಲು 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟು ನಿರಾಕರಿಸಿತು. ಆದರೆ ಕುಟುಂಬ ಕಟ್ಟಲು ಮದುವೆಯೊಂದೇ ದಾರಿಯಲ್ಲವೆಂದು 2025ರ ಮೇ ತಿಂಗಳಲ್ಲಿ ಮದ್ರಾಸ್ ಹೈಕೋರ್ಟು ಹೇಳಿತು. ಇಬ್ಬರ ಹೆಸರಿನ ಬಾಡಿಗೆ ಕರಾರು, ಆಸ್ಪತ್ರೆಯಲ್ಲಿ ಪಕ್ಕದಲ್ಲಿ ಕೂರುವ ಹಕ್ಕು, ಹಬ್ಬಕ್ಕೆ ಇಬ್ಬರನ್ನೂ ಕರೆಯುವ ಅತ್ತಿಗೆ, ಇವುಗಳಲ್ಲಿ ಯಾವುದಾದರೂ ಸುಖಾಂತ್ಯವಾಗಬಲ್ಲದು.