ಹೊಗೆ, ಧೂಳಿನ ಬೆನ್ನು ಹತ್ತಿದ ಉಪಗ್ರಹಗಳು

ಮುಂಡಗೋಡದ ಟಿಬೆಟನ್ ಕಾಲೊನಿಯ ಸುತ್ತಲಿನ ಸಾಗುವಾನಿ, ಮತ್ತಿ ಮರಗಳು ಬೇಸಿಗೆ ಹತ್ತಿರವಾದಂತೆ ಎಲೆ ಉದುರಿಸುತ್ತವೆ. ಮಳೆ ಬೀಳುವವರೆಗೆ ಆ ದರಕಿಗೆ ಒಂದು ಕಿಡಿ ಸಾಕು. ಹಳಿಯಾಳದ ಕಡೆ ಕಬ್ಬು ಕಡಿದ ಹೊಲಗಳಲ್ಲಿ ರವದಿ ಸುಡುವುದೂ ಉಂಟು. ಇದರ ಜೊತೆಗೆ ಅರೇಬಿಯಾದ ಮರುಭೂಮಿಯ ಧೂಳು ಸಮುದ್ರ ದಾಟಿ ಪಶ್ಚಿಮ ಕರಾವಳಿಯ ಆಕಾಶಕ್ಕೆ ಬರುತ್ತದೆ. ನೆಲದ ಮೇಲೆ ನಿಂತವರ ಕಣ್ಣಿಗೆ ಎಲ್ಲವೂ ಒಂದೇ ಮಬ್ಬು. ಅದನ್ನು ಬಿಡಿಸಿ ನೋಡಲು ವಿಜ್ಞಾನ ಹಲವು ದಶಕ ದುಡಿದಿದೆ.

ಮೊದಲ ಉಪಕರಣಗಳು ಬೇರೆ ಕೆಲಸಕ್ಕೆಂದೇ ಹುಟ್ಟಿದವು. ಮೋಡ, ಕಡಲ ಉಷ್ಣತೆ ನೋಡಲು ಹಾರಿಸಿದ ಅಮೆರಿಕದ ಹವಾಮಾನ ಉಪಗ್ರಹಗಳ ಅವಕೆಂಪು ಚಿತ್ರಗಳಲ್ಲಿ ಬೆಂಕಿಯೂ ಸಿಕ್ಕಿತು. ಚಿತ್ರದ ಒಂದು ಚುಕ್ಕಿ ಕಿಲೋಮೀಟರ್ ಅಗಲವಿದ್ದರೂ, ಅದರೊಳಗಿನ ಸಣ್ಣ ಉರಿಯನ್ನು ಪತ್ತೆ ಹಚ್ಚಬಹುದೆಂದು 1981ರಲ್ಲಿ ವಿಜ್ಞಾನಿಗಳಾದ ಮ್ಯಾಟ್ಸನ್ ಮತ್ತು ಡೋಜಿಯರ್ ತೋರಿಸಿದರು. 1978ರ ನಿಂಬಸ್-7 ಉಪಗ್ರಹದ ಕಥೆ ನನಗೆ ಇನ್ನೂ ಮುಖ್ಯವೆನಿಸುತ್ತದೆ. ಅದರ ಟಾಮ್ಸ್ ಉಪಕರಣ ಓಝೋನ್ ಅಳೆಯಲು ಹೋಗಿತ್ತು. ಹೊಗೆ ಮತ್ತು ಧೂಳು ಅತಿನೇರಳೆ ಕಿರಣಗಳನ್ನು ಹೀರಿ ಆ ಅಳತೆಯನ್ನು ಕೆಡಿಸುತ್ತಿದ್ದವು. 1990ರ ದಶಕದಲ್ಲಿ ವಿಜ್ಞಾನಿಗಳು ಆ ತೊಡಕನ್ನೇ ಸೂಚ್ಯಂಕವಾಗಿ ಬಳಸಿಕೊಂಡರು. ಹೊಳೆಯುವ ಮರುಭೂಮಿಯ ಮೇಲಿನ ಧೂಳೂ ಅದರಲ್ಲಿ ಕಾಣತೊಡಗಿತು.

ನಮ್ಮ ಕಡಲಿನ ಮೇಲೆ ಈ ವಿಷಯ ದೊಡ್ಡದಾಗಿ ಚರ್ಚೆಗೆ ಬಂದದ್ದು 1999ರಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ್ದ ವಿ. ರಾಮನಾಥನ್ ಅವರ ಮುಂದಾಳತ್ವದ ಇಂಡೋಎಕ್ಸ್ ಅಧ್ಯಯನ, ಅರಬ್ಬಿ ಸಮುದ್ರ ಹಾಗೂ ಹಿಂದೂ ಮಹಾಸಾಗರದ ಮೇಲೆ ಹರಡಿದ ಕಂದು ಮಬ್ಬನ್ನು ಹಡಗು, ವಿಮಾನ, ಉಪಗ್ರಹಗಳಿಂದ ಅಳೆಯಿತು.

ಅದೇ ವರ್ಷದ ಕೊನೆಗೆ ಟೆರಾ, 2002ರಲ್ಲಿ ಅಕ್ವಾ ಉಪಗ್ರಹಗಳು ಹಾರಿದವು. ಅವುಗಳ ಮೋಡಿಸ್ ಉಪಕರಣದ ಮಾಹಿತಿಯಿಂದ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ 2004ರಿಂದ ಕಾಳ್ಗಿಚ್ಚು ಗುರುತಿಸುತ್ತಿದೆ. ಮೋಡಿಸ್‌ನ ಬೆಂಕಿ ಚುಕ್ಕಿ 1 ಕಿ.ಮೀ. ಅಗಲದ್ದು, 2011ರಲ್ಲಿ ಹಾರಿದ ಸುವೋಮಿ ಉಪಗ್ರಹದ ವಿಐಐಆರ್‌ಎಸ್ ಅದನ್ನು 375 ಮೀಟರಿಗೆ ಇಳಿಸಿತು. ಇವು ದಿನಕ್ಕೆ ಕೆಲವೇ ಸಲ ಹಾದುಹೋಗುತ್ತವೆ. ಹಾಸನದ ನಿಯಂತ್ರಣ ಕೇಂದ್ರ ನೋಡಿಕೊಳ್ಳುವ ಇನ್ಸಾಟ್-3ಡಿ ಸರಣಿ ಅರ್ಧ ಗಂಟೆಗೊಮ್ಮೆ ಚಿತ್ರ ಕೊಟ್ಟರೂ ಅದರ ಕಣ್ಣು ಅಷ್ಟು ಸೂಕ್ಷ್ಮವಲ್ಲ. ಧೂಳಿನ ಬಿರುಗಾಳಿ ಹಿಂಬಾಲಿಸಲು ಅದು ಸಾಕು, ಜೋಯಿಡಾದ ಗುಡ್ಡದ ಸಣ್ಣ ಬೆಂಕಿಗೆ ಸಾಲದು. ಹೊಗೆಯ ಪದರ ಎಷ್ಟು ಎತ್ತರದಲ್ಲಿದೆ ಎಂಬುದನ್ನು 2006ರಿಂದ 2023ರವರೆಗೆ ಕ್ಯಾಲಿಪ್ಸೋ ಉಪಗ್ರಹ ಲೇಸರ್ ಹಾಯಿಸಿ ಅಳೆಯಿತು.

2019ರ ಫೆಬ್ರುವರಿಯಲ್ಲಿ ಬಂಡೀಪುರ ಉರಿದಾಗ ಸುಟ್ಟ ಕಾಡಿನ ವಿಸ್ತಾರ ತಿಳಿದದ್ದೂ ಉಪಗ್ರಹ ಚಿತ್ರಗಳಿಂದಲೇ. ಆದರೆ ಸುಟ್ಟ ಮೇಲೆ ಅಳೆಯುವುದು ಬೇರೆ, ಸುಡುವ ಮುನ್ನ ತಲುಪುವುದು ಬೇರೆ. ದಟ್ಟ ಮರಗಳ ಕೆಳಗೆ ದರಕಿನಲ್ಲಿ ಹರಿಯುವ ಬೆಂಕಿ ಮೇಲಿನಿಂದ ತಪ್ಪಿಹೋಗಬಹುದು. ಬಿಸಿಯ ಚುಕ್ಕಿ ಕಂಡರೂ ಅದು ಕಾಡೋ ರವದಿಯೋ ಎಂಬುದನ್ನು ಅರಣ್ಯದ ಗಡಿ ನಕ್ಷೆ ಜೋಡಿಸಿಯೇ ತೀರ್ಮಾನಿಸಬೇಕು. ಹೊಗೆ ಮೇಲೆಲ್ಲೋ ತೇಲುತ್ತಿದೆಯೋ, ಜನ ಉಸಿರಾಡುವ ಮಟ್ಟದಲ್ಲಿದೆಯೋ ಎಂಬುದನ್ನು ನೆಲದ ಮೇಲಿನ ಮಾಪಕವೇ ಹೇಳಬೇಕು. ಮುಂದಿನ ಹಣ ಇನ್ನೊಂದು ಉಪಗ್ರಹಕ್ಕಿಂತ ಮೊದಲು ತಾಲ್ಲೂಕು ಮಟ್ಟದ ಮಾಪಕಗಳಿಗೆ, ಬೆಂಕಿ ಕಾವಲುಗಾರರಿಗೆ ಹೋಗಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಅರಣ್ಯ ಸರ್ವೇಕ್ಷಣಾ ಸಂಸ್ಥೆಯ ಬೆಂಕಿ ಎಚ್ಚರಿಕೆ ಸಂದೇಶಕ್ಕೆ ಸಾರ್ವಜನಿಕರೂ ಮೊಬೈಲ್ ಸಂಖ್ಯೆ ನೋಂದಾಯಿಸಬಹುದು. ಕಾಡಂಚಿನ ಊರಿನವರು ಬೇಸಿಗೆಗೆ ಮೊದಲೇ ನೋಂದಾಯಿಸಿಕೊಳ್ಳಿ.