ಹೆರಿಗೆ ವಾರ್ಡಿನ ವಿನ್ಯಾಸ

ಬಸುರಿ ಆಸ್ಪತ್ರೆ ಸೇರಿದ ಗಳಿಗೆಯಿಂದ ಬಾಣಂತಿಯಾಗಿ ಮನೆಗೆ ಮರಳುವವರೆಗೆ ಅವಳಿಗೆ ಬೇಕಾದ ಜಾಗ, ಮರೆ, ಗಾಳಿ, ನೀರು, ಜೊತೆ ಇವೆಲ್ಲದರ ಏರ್ಪಾಡೇ ಹೆರಿಗೆ ವಾರ್ಡಿನ ವಿನ್ಯಾಸ. ಅಂಕೋಲಾ ತಾಲ್ಲೂಕಿನ ಅಗಸೂರಿನಂಥ ಊರುಗಳಿಗೆ ಹತ್ತಿರದ ದೊಡ್ಡ ಸರ್ಕಾರಿ ಆಸ್ಪತ್ರೆ ಇರುವುದು ಅಂಕೋಲೆಯಲ್ಲಿ. ಹೆರಿಗೆ ತೊಡಕಾದರೆ ಕಾರವಾರದ ವೈದ್ಯಕೀಯ ಕಾಲೇಜಿಗೆ ಹೋಗಬೇಕು. 2005ರ ಜನನಿ ಸುರಕ್ಷಾ ಯೋಜನೆಯ ನಂತರ ಹೆರಿಗೆಗಳು ಆಸ್ಪತ್ರೆಯತ್ತ ವೇಗವಾಗಿ ಸರಿದವು, ಅದರಿಂದ ಜೀವಗಳೂ ಉಳಿದವು. ಆದರೆ ಮನೆಯಲ್ಲಿ ತಾಯಿಯೋ ಅತ್ತೆಯೋ ಸೂಲಗಿತ್ತಿಯೋ ಬೆನ್ನು ನೀವುತ್ತ ಕೂರುತ್ತಿದ್ದ ಜಾಗ ಹೆರಿಗೆ ಕೋಣೆಯ ನಕ್ಷೆಯಲ್ಲಿ ಸೇರಲಿಲ್ಲ. ವಾರ್ಡ್ ಸುಧಾರಣೆ ಅಲ್ಲಿಂದಲೇ ಶುರುವಾಗಬೇಕು. ಗೋಡೆಯ ಬಣ್ಣ, ಚಿತ್ರಗಳೆಲ್ಲ ಆಮೇಲಿನ ಮಾತು.

ಹೆರುವವಳ ಜೊತೆಗೊಬ್ಬರು ಇರಬೇಕೆಂಬುದಕ್ಕೆ ಆಧಾರ ಗಟ್ಟಿಯಾಗಿದೆ. 15,000ಕ್ಕೂ ಹೆಚ್ಚು ಹೆಂಗಸರು ಪಾಲ್ಗೊಂಡ ಪ್ರಯೋಗಗಳನ್ನು ಒಟ್ಟಾಗಿ ತೂಗಿದ 2017ರ ಕಾಕ್ರೇನ್ ಪರಾಮರ್ಶೆಯ ಪ್ರಕಾರ, ನೋವಿನುದ್ದಕ್ಕೂ ಒಬ್ಬರು ಜೊತೆಗಿದ್ದರೆ ಸಹಜ ಹೆರಿಗೆಯ ಸಾಧ್ಯತೆ ಹೆಚ್ಚುತ್ತದೆ, ನೋವಿನ ಅವಧಿ ತಗ್ಗುತ್ತದೆ. ಇನ್ನು, ಕಿಟಕಿಯಾಚೆ ಮರ ಕಂಡರೆ ರೋಗಿ ಬೇಗ ಚೇತರಿಸುತ್ತಾನೆಂಬ ರೋಜರ್ ಉಲ್ರಿಚ್‌ರ 1984ರ ಅಧ್ಯಯನವನ್ನು ವಾಸ್ತುಶಿಲ್ಪಿಗಳು ಪದೇಪದೇ ಮುಂದಿಡುತ್ತಾರೆ. ಅದು ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ಜನರನ್ನು ಕುರಿತದ್ದು. ಹೆರಿಗೆಗೆ ಅದನ್ನು ಹಾಗೆಯೇ ಅನ್ವಯಿಸಲಾಗದು.

ಜೊತೆಯವರಿಂದ ಸೋಂಕು ಹರಡುತ್ತದೆ, ಗದ್ದಲವಾಗುತ್ತದೆ, ಬೇರೆ ಹೆಂಗಸರ ಮರ್ಯಾದೆಗೆ ಕುಂದಾಗುತ್ತದೆ ಎಂಬ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಸಾಲಾಗಿ ಹೆರಿಗೆ ಮೇಜುಗಳಿರುವ ತೆರೆದ ಕೋಣೆಯಲ್ಲಿ ಅದು ನಿಜವೇ. ಅದಕ್ಕೆ ಪರಿಹಾರ ಕೋಣೆಯ ಜೋಡಣೆಯಲ್ಲಿದೆ: ಪ್ರತಿ ಮೇಜಿಗೂ ಸುತ್ತ ಎಳೆಯುವ ಪರದೆ, ತಲೆಯ ಬಳಿ ಒಂದೇ ಕುರ್ಚಿ, ಶುಚಿಯಾದ ಬಟ್ಟೆ ತೊಟ್ಟ ಆರೋಗ್ಯವಂತ ಜೊತೆಗಾರ್ತಿ ಒಬ್ಬಳೇ. ಭಾರತ ಸರ್ಕಾರ 2016ರಲ್ಲಿ ಜೊತೆಗಾರರಿಗೆ ಅವಕಾಶ ಕೊಟ್ಟಿದ್ದು ಇಂಥ ಷರತ್ತುಗಳೊಡನೆಯೇ. ಹೆರಿಗೆ ಕೋಣೆಗಳ ಸುಧಾರಣೆಗೆಂದು ಬಂದ 2017ರ ‘ಲಕ್ಷ್ಯ’ ಕಾರ್ಯಕ್ರಮವೂ ಮರೆಯನ್ನು ಗುಣಮಟ್ಟದ ಭಾಗವೆಂದು ಎಣಿಸಿತು. ಹಣವಿಲ್ಲವೆಂಬ ಮಾತು ಇಲ್ಲಿ ಹೆಚ್ಚು ನಿಲ್ಲದು. ಮೇಜಿನ ಕಾಲ ಬದಿ ಬಾಗಿಲಿಗೆ ಎದುರಾಗಿದ್ದರೆ, ಯಾರು ಬಾಗಿಲು ತೆರೆದರೂ ಹೆರುವವಳು ಬಯಲಾಗುತ್ತಾಳೆ. ಮೇಜನ್ನು ತಿರುಗಿಸಿಡಲು ಖರ್ಚೇನಿಲ್ಲ.

ಅಂಕೋಲೆಯಂಥ ಕರಾವಳಿಯಲ್ಲಿ ಇನ್ನೊಂದು ಬಿಕ್ಕಟ್ಟಿದೆ. ಹಸುಗೂಸಿಗಾಗಿ ಹೆರಿಗೆ ಕೋಣೆ 26ರಿಂದ 28 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರಬೇಕು, ಗಾಳಿ ನೇರವಾಗಿ ಬೀಸಬಾರದು. ಆದರೆ ಸೆಕೆಯಲ್ಲಿ ತಾಯಿ ಬೆವತು ಬಳಲುತ್ತಾಳೆ. ಕೂಸಿನ ಬೆಚ್ಚನೆಯ ಮೂಲೆಯನ್ನು ಕಿಟಕಿ, ಫ್ಯಾನುಗಳಿಂದ ದೂರವಿಟ್ಟು, ತಾಯಿಯ ಕಡೆ ಗಾಳಿಯಾಡುವಂತೆ ಮಾಡಿ, ಜಡಿಮಳೆಯಲ್ಲೂ ತೆರೆದಿಡಬಹುದಾದ ಗಾಳಿಕಿಂಡಿಗಳನ್ನು ಸೂರಿನಡಿ ಎತ್ತರದಲ್ಲಿ ಕೊಟ್ಟರೆ ಇಬ್ಬರಿಗೂ ಹೊಂದುತ್ತದೆ.