ಪಿಗ್ಮಿ ಮಾಮನ ಲೆಕ್ಕ

ಕಳೆದ ವರ್ಷ ಮಳೆಗಾಲಕ್ಕೆ ಮುಂಚೆ ಹೆಂಚು ಸರಿಪಡಿಸಲು ಆಳುಗಳು ಬಂದಿದ್ದರು. ಅಟ್ಟದಲ್ಲಿದ್ದ ಅಮ್ಮನ ತಗಡಿನ ಪೆಟ್ಟಿಗೆಯನ್ನು ಆಗ ಕೆಳಗಿಳಿಸಬೇಕಾಯಿತು. ಒಳಗೆ ಒಂದು ಹಳೆಯ ಸೀರೆ, ಅಪ್ಪನ ಕನ್ನಡಕ, ಬಾಳೆನಾರಿನಿಂದ ಬಿಗಿದು ಕಟ್ಟಿದ ಒಂದು ಕಟ್ಟು ಕಾರ್ಡುಗಳಿದ್ದವು. ನಾರು ಒಣಗಿ ಪುಡಿಯಾಗುತ್ತಿತ್ತು. ಕಾರ್ಡುಗಳ ಮೇಲಿನ ಶಾಯಿ ಮಾತ್ರ ಮಾಸಿರಲಿಲ್ಲ. ಒಂದು ರೂಪಾಯಿ, ಒಂದು ರೂಪಾಯಿ, ಎರಡು ರೂಪಾಯಿ, ನಡುವೆ ಎಲ್ಲೋ ಒಂದು ದಿನ ಖಾಲಿ. ಪ್ರತಿ ಮೊತ್ತದ ಪಕ್ಕದಲ್ಲಿ ಒಂದೇ ಬಗೆಯ ಪುಟ್ಟ ರುಜು. ಅದು ನಮ್ಮ ಪಿಗ್ಮಿ ಮಾಮನ ರುಜು.

ನಮ್ಮದು ಉಡುಪಿಯ ಕಡೆಯ ಒಂದು ಸಣ್ಣ ಪೇಟೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಬಸ್ ನಿಲ್ದಾಣದ ಹತ್ತಿರ ಹೂವಿನ ಗೂಡಂಗಡಿ ಇಟ್ಟಳು. ಶಂಕರಪುರದ ಮಲ್ಲಿಗೆಯನ್ನು ನಮ್ಮಲ್ಲಿ ತೂಗಿ ಮಾರುವುದಿಲ್ಲ. ಎಣಿಸಿ ನಾರಿನಲ್ಲಿ ಕಟ್ಟಿದ ಚೆಂಡು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಧಾರಣೆ ದಿನದಿನಕ್ಕೆ ಬದಲು. ಮದುವೆಯ ದಿನಗಳಲ್ಲಿ ಆಕಾಶಕ್ಕೇರುವ ಬೆಲೆ ಆಷಾಢದಲ್ಲಿ ಪಾತಾಳಕ್ಕಿಳಿಯುತ್ತದೆ. ಇಂಥ ವ್ಯಾಪಾರದಲ್ಲಿ ಉಳಿತಾಯ ಎಂಬ ಮಾತು ಬಾಯಲ್ಲಿ ಹೇಳಿದಷ್ಟು ಸುಲಭವಲ್ಲ. ಆದರೂ ದಿನವೂ ಸಂಜೆ ಐದೂವರೆಗೆ ಕಂಕುಳಲ್ಲಿ ಚೀಲ ಸಿಕ್ಕಿಸಿಕೊಂಡು ಪಿಗ್ಮಿ ಮಾಮ ಬರುತ್ತಿದ್ದರು. "ಇವತ್ತು ಹೂವು ಹೋಯಿತೋ?" ಎಂದು ಕೇಳಿದ ಮೇಲೆಯೇ ಚೀಲ ಬಿಚ್ಚುವುದು ಅವರ ಪದ್ಧತಿ.

ಈ ಪಿಗ್ಮಿ ಹುಟ್ಟಿದ್ದೇ ನಮ್ಮ ಕರಾವಳಿಯಲ್ಲಿ ಎಂಬುದು ಇಂದಿನ ಮಕ್ಕಳಿಗೆ ಗೊತ್ತಿಲ್ಲ. ಆಗಿನ ದಕ್ಷಿಣ ಕನ್ನಡ ಜಿಲ್ಲೆ ಐದು ದೊಡ್ಡ ಬ್ಯಾಂಕುಗಳ ತವರು. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದ ಸಂಸ್ಥೆಯನ್ನು ತೆರೆದರು. ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಮುಂದೆ ಕೆನರಾ ಬ್ಯಾಂಕ್ ಆದ ನಿಧಿಯನ್ನು ಆರಂಭಿಸಿದರು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್ ಬಂದವು. ನಡುವೆ 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಅವರು ಉಡುಪಿಯಲ್ಲಿ, ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗಲೆಂದು, ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಒಂದು ಸಂಸ್ಥೆ ಕಟ್ಟಿದರು. ಅದೇ ಸಿಂಡಿಕೇಟ್ ಬ್ಯಾಂಕ್. 1928ರಲ್ಲಿ ಅದು ಪಿಗ್ಮಿ ಠೇವಣಿ ಆರಂಭಿಸಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಬ್ಯಾಂಕಿನ ಪ್ರತಿನಿಧಿ ಮನೆ ಬಾಗಿಲಿಗೆ ಬಂದು ಪಡೆದುಕೊಳ್ಳುತ್ತಿದ್ದ. ಕ್ರಮೇಣ ಉಳಿದ ಬ್ಯಾಂಕುಗಳೂ ಇಂಥ ಯೋಜನೆಗಳನ್ನು ತಂದವು. ಹನಿ ಹನಿಗೂಡಿದರೆ ಹಳ್ಳ ಎಂಬ ಗಾದೆಯನ್ನು ಲೆಕ್ಕದ ಪುಸ್ತಕಕ್ಕೆ ಇಳಿಸಿದವರು ಇವರು.

ಪಿಗ್ಮಿಯೆಂದರೆ ಬರೀ ಉಳಿತಾಯವೆಂದು ನಾನು ಬಹುಕಾಲ ತಿಳಿದಿದ್ದೆ. ಅದು ಅದಕ್ಕಿಂತ ದೊಡ್ಡ ಸಂಗತಿ ಎಂದು ತಿಳಿದದ್ದು ನಾನು ಎಂಟನೆಯ ತರಗತಿಯಲ್ಲಿದ್ದಾಗ. ಗೂಡಂಗಡಿಯನ್ನು ಸ್ವಲ್ಪ ದೊಡ್ಡದು ಮಾಡಲು ಅಮ್ಮ ಸಾಲ ಕೇಳಲು ಹೋದಳು. ಮ್ಯಾನೇಜರರು ಜಾಗದ ಪತ್ರ ಕೇಳಿದರು, ಜಾಮೀನು ಕೇಳಿದರು. ಎರಡೂ ಇರಲಿಲ್ಲ. ಅಮ್ಮ ಬರಿಗೈಯಲ್ಲಿ ಹಿಂದಿರುಗಿದಳು. ಮರುದಿನ ಪಿಗ್ಮಿ ಮಾಮ ಇವೇ ಕಾರ್ಡುಗಳನ್ನು ಒಯ್ದು ಮ್ಯಾನೇಜರರ ಮೇಜಿನ ಮೇಲೆ ಹರವಿದರಂತೆ. "ನಾಲ್ಕು ವರ್ಷದಲ್ಲಿ ಈ ಹೆಂಗಸು ದುಡ್ಡು ಕೊಡದ ದಿನ ಎಷ್ಟು, ನೀವೇ ಎಣಿಸಿ" ಎಂದರಂತೆ. ಸಾಲ ಮಂಜೂರಾಯಿತು. ಅಮ್ಮನ ಪ್ರಾಮಾಣಿಕತೆ ಮೊದಲೂ ಇತ್ತು, ಆದರೆ ಅದು ಅಂಕೆಯಾಗಿ ಬರೆಯಲ್ಪಟ್ಟಾಗ ಮಾತ್ರ ಬ್ಯಾಂಕಿನ ಕಣ್ಣಿಗೆ ಬಿತ್ತು. ಮುಂದೆ ನನ್ನ ಬಿ.ಎಡ್. ಶುಲ್ಕ ಹೋದದ್ದೂ ಆ ಖಾತೆಯಿಂದಲೇ.

ಆದರೆ ಆ ಬರಹಕ್ಕೆ ಒಂದು ಮಿತಿಯಿತ್ತು. ಅದು ನಮ್ಮೂರಿನ ಶಾಖೆಯ ಲೆಡ್ಜರು ದಾಟಿ ಹೊರಗೆ ಹೋಗುತ್ತಿರಲಿಲ್ಲ. ಪಕ್ಕದ ಊರಿನ ಶಾಖೆಗೆ ಅಮ್ಮ ಅಪರಿಚಿತೆ. ಮುಂಬಯಿಯ ಒಬ್ಬ ವ್ಯಾಪಾರಿಗೆ ಅಮ್ಮ ರಾತ್ರಿ ಬಸ್ಸಿಗೆ ಹೂವು ಕಳಿಸುತ್ತಿದ್ದಳು. ಹೂವು ಮರುದಿನ ಸಂಜೆಗೆ ಬಾಡುವ ಸರಕು. ಹಣ ಮಾತ್ರ ಡ್ರಾಫ್ಟಿನ ರೂಪದಲ್ಲಿ ಅಂಚೆಯಲ್ಲಿ ವಾರ, ಹತ್ತು ದಿನಕ್ಕೆ ಬರುತ್ತಿತ್ತು. ಅಷ್ಟರೊಳಗೆ ಬೆಳೆಗಾರರಿಗೆ ಕೈಯಿಂದ ಕೊಡಬೇಕು. ಹೀಗಾಗಿ ಎರಡು ಅಟ್ಟೆ ಹೆಚ್ಚಿಗೆ ಕೇಳಿದರೂ ಅಮ್ಮ "ಇಲ್ಲ" ಎನ್ನುತ್ತಿದ್ದಳು. ಹೂವಿನ ಕೊರತೆಯಿಂದಲ್ಲ, ಹಣ ತಡವಾಗುತ್ತದೆಂದು.

ಇದೇ ಕಾಲಕ್ಕೆ ಬ್ಯಾಂಕುಗಳಿಗೆ ಕಂಪ್ಯೂಟರ್ ಬರುವ ಸುದ್ದಿ ಹಬ್ಬಿತು. ರಿಸರ್ವ್ ಬ್ಯಾಂಕಿನ ಉಪ ಗವರ್ನರ್ ಆಗಿದ್ದ ಸಿ. ರಂಗರಾಜನ್ ಅವರ ಸಮಿತಿ 1984ರಲ್ಲಿ ಬ್ಯಾಂಕುಗಳ ಯಾಂತ್ರೀಕರಣಕ್ಕೆ ದಾರಿ ತೋರಿತ್ತು. ಕೆಲಸ ಹೋದೀತೆಂದು ನೌಕರರ ಸಂಘಗಳು ವಿರೋಧಿಸಿದವು. ಎಷ್ಟು ಯಂತ್ರ, ಎಲ್ಲಿ, ಯಾವ ಕೆಲಸಕ್ಕೆ ಎಂಬುದೆಲ್ಲ ಮಾತುಕತೆ, ಒಪ್ಪಂದಗಳಲ್ಲಿ ತೀರ್ಮಾನವಾಗಬೇಕಿತ್ತು. ಬಿ.ಎ. ಓದುವಾಗ ನಮ್ಮ ಕಾಲೇಜಿನಲ್ಲಿ "ಕಂಪ್ಯೂಟರ್ ವರವೋ ಶಾಪವೋ" ಎಂಬ ಚರ್ಚಾಸ್ಪರ್ಧೆ ನಡೆಯಿತು. ವರವೆಂದು ವಾದಿಸಿ ಒಂದು ಸ್ಟೀಲು ಲೋಟ ಗೆದ್ದೆ. ಸಂಜೆ ಪಿಗ್ಮಿ ಮಾಮನಿಗೂ ಆ ಭಾಷಣ ಒಪ್ಪಿಸಿದೆ. ಅವರು ಕೇಳಿ ನಕ್ಕರು. "ಯಂತ್ರ ಲೆಕ್ಕ ತಪ್ಪುವುದಿಲ್ಲ ಮಗಾ, ಸರಿ. ಆದರೆ ಆಷಾಢದಲ್ಲಿ ಹೂವು ಹೋಗುವುದಿಲ್ಲ ಅಂತ ಅದಕ್ಕೆ ಯಾರು ಹೇಳುತ್ತಾರೆ?" ಎಂದರು. ಹಳೆಯ ಕಾಲದವರು ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಇಂದು ಹಿಂದಿರುಗಿ ನೋಡಿದರೆ, ಇಬ್ಬರದೂ ಅರ್ಧರ್ಧ ಸರಿಯಾಗಿತ್ತು.

ನನ್ನ ಅರ್ಧವನ್ನು ಮೊದಲು ಹೇಳುತ್ತೇನೆ. ಹೊಸ ಶತಮಾನದ ಮೊದಲ ದಶಕದಲ್ಲಿ ಶಾಖೆ ಶಾಖೆಗಳ ಲೆಡ್ಜರುಗಳು ಒಂದೇ ಕೇಂದ್ರ ಕಂಪ್ಯೂಟರಿಗೆ ಸೇರಿದವು. ಗ್ರಾಹಕ ಶಾಖೆಯವನಾಗಿ ಉಳಿಯದೆ ಬ್ಯಾಂಕಿನವನಾದ. 2005ರಲ್ಲಿ ಬಂದ ನೆಫ್ಟ್ ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಹಣ ಕಳಿಸಲು ಡ್ರಾಫ್ಟಿನ ಅಗತ್ಯವಿಲ್ಲದಂತೆ ಮಾಡಿತು. 2016ರಲ್ಲಿ ಯುಪಿಐ ಬಂತು. ಅದೇ ನವೆಂಬರಿನಲ್ಲಿ ದೊಡ್ಡ ನೋಟುಗಳು ರದ್ದಾದಾಗ ಪೇಟೆಯ ಅಂಗಡಿಗಳೆಲ್ಲ ಅದನ್ನು ಕಲಿಯಬೇಕಾಯಿತು. ಈಗ ಅಮ್ಮನ ಅಂಗಡಿ ನೋಡಿಕೊಳ್ಳುವವಳು ನನ್ನ ತಮ್ಮನ ಹೆಂಡತಿ. ಬೆಳಗಿನ ಧಾರಣೆ ಅವಳಿಗೆ ಫೋನಿನಲ್ಲಿ ತಿಳಿಯುತ್ತದೆ. ಮುಂಬಯಿಯ ಗಿರಾಕಿಯ ಹಣ ಬಸ್ಸು ಹೊರಡುವ ಮೊದಲೇ ಖಾತೆಗೆ ಬಿದ್ದಿರುತ್ತದೆ, ಬೆಳೆಗಾರರಿಗೆ ಅಂದೇ ಸಂದಾಯವಾಗುತ್ತದೆ. ಆದ್ದರಿಂದ ಹತ್ತು ಅಟ್ಟೆ ಹೆಚ್ಚಿಗೆ ಕೇಳಿದರೂ ಅವಳು "ಆಗಲಿ" ಎನ್ನಬಲ್ಲಳು. ಬೆಳೆದದ್ದು ಬಂಡವಾಳವಲ್ಲ, ಅದೇ ಬಂಡವಾಳ ಬೇಗ ತಿರುಗತೊಡಗಿತು. ವ್ಯಾಪಾರದ ಬೆಳವಣಿಗೆಯ ಗುಟ್ಟು ಬಹುಮಟ್ಟಿಗೆ ಇಷ್ಟೇ. ಬೀದಿ ವ್ಯಾಪಾರಿಗಳಿಗೆಂದು 2020ರಲ್ಲಿ ಬಂದ ಸ್ವನಿಧಿ ಯೋಜನೆಯೂ ಜಾಮೀನಿಲ್ಲದೆ ಮೊದಲ ಕಂತಾಗಿ 10,000 ರೂಪಾಯಿ ಸಾಲ ಕೊಟ್ಟಿತು. ಸರಿಯಾಗಿ ತೀರಿಸಿದವರಿಗೆ ಮುಂದಿನ ದೊಡ್ಡ ಸಾಲ, ಫೋನಿನಲ್ಲಿ ಹಣ ಪಡೆದವರಿಗೆ ಸಣ್ಣ ಪ್ರೋತ್ಸಾಹಧನ. ಪಿಗ್ಮಿ ಮಾಮ ಅಂದು ಮೇಜಿನ ಮೇಲೆ ಹರವಿದ ವಾದವೇ ಇದು ಅಲ್ಲವೇ?

ಇನ್ನು ಅವರ ಅರ್ಧ. ಪಿಗ್ಮಿ ಸಂಗ್ರಾಹಕರಿಗೆ ಸಂಬಳವಿರಲಿಲ್ಲ, ಸಂಗ್ರಹಿಸಿದ ಹಣದ ಮೇಲೆ ಕಮಿಷನ್ ಅಷ್ಟೇ. ಅವರೂ ಕಾರ್ಮಿಕರೇ ಎಂದು ಸುಪ್ರೀಂ ಕೋರ್ಟು ಒಪ್ಪಿದ್ದು 2001ರಲ್ಲಿ. ಕೊನೆಯ ವರ್ಷಗಳಲ್ಲಿ ನಮ್ಮ ಮಾಮ ಚೀಟಿ ಮುದ್ರಿಸುವ ಕೈಯಂತ್ರ ಹಿಡಿದು ಬರುತ್ತಿದ್ದರು. ರುಜು ಹಾಕುವ ಕೆಲಸ ನಿಂತಿತ್ತು. "ಇನ್ನು ನಾನು ಬರೀ ಕಾಲು" ಎಂದು ಒಮ್ಮೆ ಅಂದರು. ಮುಂದೆ ಅಂಗಡಿಗಳಿಗೆ ಫೋನು ಬಂದಾಗ ಆ ಕಾಲಿನ ಅಗತ್ಯವೂ ತಪ್ಪಿತು. ಅವರು ಪಿಂಚಣಿಯಿಲ್ಲದೆ ಮನೆ ಸೇರಿದರು.

ಬರೆದಿಟ್ಟ ಲೆಕ್ಕಕ್ಕೆ ಎರಡು ಮೊನೆ ಇರುತ್ತದೆಂದು 2025ರ ಜುಲೈಯಲ್ಲಿ ಇಡೀ ರಾಜ್ಯ ನೋಡಿತು. ಯುಪಿಐ ವಹಿವಾಟಿನ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸುಗಳು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಬಂದವು. ವರ್ಷಕ್ಕೆ ಸರಕಿನಲ್ಲಿ 40 ಲಕ್ಷ, ಸೇವೆಯಲ್ಲಿ 20 ಲಕ್ಷ ರೂಪಾಯಿ ವಹಿವಾಟು ಮೀರಿದರೆ ಜಿಎಸ್‌ಟಿ ನೋಂದಣಿ ಬೇಕೆಂಬ ನಿಯಮ ಹಳೆಯದೇ. ಆದರೆ ಖಾತೆಗೆ ಬಂದದ್ದೆಲ್ಲ ವ್ಯಾಪಾರದ ಹಣವೇ, ಮಾರಿದ ಸರಕಿಗೆ ತೆರಿಗೆ ಉಂಟೇ ಎಂಬುದನ್ನು ಅಂಕೆ ತಾನಾಗಿ ಹೇಳುವುದಿಲ್ಲ. ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ "ನಗದು ಮಾತ್ರ" ಎಂಬ ಚೀಟಿ ತೂಗಿತು. ಹಳೆಯ ಬಾಕಿ ಕೇಳುವುದಿಲ್ಲ, ನೋಂದಣಿ ಮಾಡಿಸಿಕೊಳ್ಳಿ ಎಂದು ಸರ್ಕಾರ ಭರವಸೆ ಕೊಟ್ಟ ಮೇಲೆ ಗದ್ದಲ ತಣ್ಣಗಾಯಿತು. ಆಷಾಢದ ಮಾತು ನನಗೆ ನೆನಪಾದದ್ದು ಆಗ. ಯಂತ್ರ ಬರೆಯುತ್ತದೆ, ಕೇಳುವುದಿಲ್ಲ. "ಇವತ್ತು ಹೂವು ಹೋಯಿತೋ?" ಎಂದು ಕೇಳಿಯೇ ಬರೆಯುತ್ತಿದ್ದವರು ಬೇರೆ.

ಹಾಗೆಂದು ಆ ಕಾಲವೇ ಬರಲಿ ಎಂದು ನಾನು ಹಾರೈಸಲಾರೆ. ಪಿಗ್ಮಿ ಮಾಮನಂಥವರು ಪ್ರತಿ ಪೇಟೆಯಲ್ಲಿ ಇರಲಿಲ್ಲ. ಅವರಿಲ್ಲದ ಕಡೆ ನಮ್ಮಮ್ಮನಂಥವರು ಬರಿಗೈಯಲ್ಲೇ ಹಿಂದಿರುಗಿದರು. ಒಬ್ಬ ಒಳ್ಳೆಯ ಮನುಷ್ಯನ ದಯೆಯ ಮೇಲೆ ನಿಂತದ್ದು ಇಂದು ವ್ಯವಸ್ಥೆಯಾಗಿದೆ. ಅದು ಸಣ್ಣ ಲಾಭವಲ್ಲ. ಆ ವ್ಯವಸ್ಥೆಗೆ ಕೇಳಿ ತಿಳಿಯುವ ಒಬ್ಬ ಮನುಷ್ಯ ಇನ್ನೂ ಬೇಕು ಎಂದಷ್ಟೇ ನನ್ನ ಮಾತು.

2019 ಮತ್ತು 2020ರ ವಿಲೀನಗಳಲ್ಲಿ ವಿಜಯಾ, ಕಾರ್ಪೊರೇಷನ್, ಸಿಂಡಿಕೇಟ್ ಎಂಬ ಮೂರು ಹೆಸರುಗಳು ಬ್ಯಾಂಕುಗಳ ಬಾಗಿಲಿನಿಂದ ಇಳಿದವು. ಈ ವರ್ಷ ಒಂಬತ್ತನೆಯ ತರಗತಿಗೆ ಇತಿಹಾಸದ ಪಾಠ ಮಾಡುವಾಗ ಅಮ್ಮನ ಕಾರ್ಡುಗಳನ್ನು ಒಯ್ದಿದ್ದೆ. ಮಕ್ಕಳು ಕೈಯಿಂದ ಕೈಗೆ ದಾಟಿಸಿ ನೋಡಿದರು. ಒಬ್ಬ ಹುಡುಗಿ ಖಾಲಿ ಬಿಟ್ಟ ದಿನವನ್ನು ತೋರಿಸಿ, "ಟೀಚರ್, ಇಲ್ಲಿ ಯಾಕೆ ಏನೂ ಬರೆದಿಲ್ಲ?" ಎಂದು ಕೇಳಿದಳು. ಅದು ಅಜ್ಜಿ ತೀರಿಕೊಂಡ ದಿನ. ಅಂದು ಮಾಮ ಬಂದಿದ್ದರು, ಆದರೆ ಚೀಲ ಬಿಚ್ಚಿರಲಿಲ್ಲ.